ಸಹಕಾರಿ ಧುರೀಣ ಕಣಗಿನಹಾಳದ ಸಿದ್ದನಗೌಡರು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಹೊಳೆಯಾಚೆಯ ಒಬ್ಬ ಹಿರಿಯರನ್ನು ನೆನೆಯದಿದ್ದರೆ ತಪ್ಪಾದೀತು. ಹಡಗಲಿ ಕಡೆಯಿಂದ ತುಂಗಭದ್ರೆ ದಾಟಿ, ಮುಂಡರಗಿ ಮೇಲೆ ಹಾಯ್ದು ಹೋದರೆ ಗದಗ. ಆ ತಾಲ್ಲೂಕಿನ ಊರು ಕಣಗಿನಹಾಳ. ಅಲ್ಲಿಯ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವೇ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಆಗ ಅವರು ಮುಂಬಯಿ ಪ್ರಾಂತ, ನಾವು ಬಳ್ಳಾರಿ ಜಿಲ್ಲೆಯವರು ಮದ್ರಾಸ್ ಪ್ರಾಂತ. ಆದರೂ ಮಾತು ಒಂದೇ, ಬರಗಾಲ ಒಂದೇ, ಸಾಹುಕಾರರ ಬಡ್ಡಿಯ ಕಾಟವೂ ಒಂದೇ.

ಸಿದ್ದನಗೌಡರದು ಊರಲ್ಲಿ ಮಾತು ನಡೆಯುವ ಮನೆತನ. ಅಂಥವರು ಸಂಘ ಕಟ್ಟಿದ್ದರಲ್ಲಿ ಏನು ದೊಡ್ಡದು ಎಂದು ಕೇಳುವವರಿಗೆ ಅಂದಿನ ಕಾಯ್ದೆ ಗೊತ್ತಿರಬೇಕು. 1904ರ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದ ಹತ್ತು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. ಸೇರು ಎಂದು ಯಾರನ್ನೂ ಬಲವಂತ ಮಾಡುವಂತಿರಲಿಲ್ಲ. ಆದರೆ ಗ್ರಾಮೀಣ ಸಂಘಕ್ಕೆ ಸೇರಿದವನ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರುತ್ತಿರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿ ಸದಸ್ಯನ ಹೊಲ, ಮನೆ ಎಲ್ಲವೂ ಬಾಧ್ಯ. ಈಗ ನಮ್ಮಂಥ ಸಂಘಗಳಲ್ಲಿ ಹೊಣೆ ಸಾಮಾನ್ಯವಾಗಿ ಷೇರಿನ ಮಟ್ಟಿಗೆ. ಆಗ ಹಾಗಲ್ಲ.

ಸ್ವಲ್ಪ ವಿಚಾರ ಮಾಡಿರಿ. ಎರಡೆಕರೆಯವನಿಗೆ ಹೋಗುವುದು ಎರಡೇ ಎಕರೆ. ಆಸ್ತಿ ಇದ್ದವನಿಗೆ ಗಂಡಾಂತರ ಹೆಚ್ಚು. ಅಷ್ಟಾಗಿಯೂ ಅಂಥ ಸಂಘದಲ್ಲಿ ಅವನಿಗೂ ಒಂದೇ ಮತ, ಎರಡೆಕರೆಯವನಿಗೂ ಒಂದೇ ಮತ. ಇಂಥ ಕರಾರಿಗೆ ಗೌಡ್ರು ತಾವೇ ಮುಂದಾಗಿ ನಿಂತರು. ಹೊರಗುಳಿದಿದ್ದರೆ ಯಾರೂ ಕೇಳುವವರಿರಲಿಲ್ಲ. ಅವರು ನಿಂತದ್ದರಿಂದಲೇ ಸಣ್ಣ ರೈತರಿಗೂ ಧೈರ್ಯ ಬಂದಿರಬೇಕು ಎಂಬುದು ನಮ್ಮ ಎಣಿಕೆ.

ಈ ಪದ್ಧತಿಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಜಾಮೀನು ಅಂದಮೇಲೆ ತೀರ ಬಡವನನ್ನು ಒಳಗೆ ಕರೆಯಲು ಜನ ಅಂಜುವುದು ಸಹಜ. ಆದರೆ ತೆಗೆದುಕೊಂಡವ ಬೀಜ ತಂದನೋ, ಮದುವೆಗೆ ಖರ್ಚು ಮಾಡಿದನೋ ಎಂದು ಊರೇ ನೋಡುತ್ತಿತ್ತು. ಮನ್ನಾ ಆದೀತು ತಡೀರಿ ಎನ್ನುವ ಈಗಿನ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಬಾಕಿ ಉಳಿದರೆ ಅದು ಪಕ್ಕದ ಹೊಲದವನ ತಲೆ ಮೇಲೆ.

ಬಿಟ್ಟು ಹೋಗಲೂ ದಾರಿ ಇತ್ತು. ಆದರೆ 1912ರ ಕಾಯ್ದೆಯ ಪ್ರಕಾರ ಸದಸ್ಯತ್ವ ಬಿಟ್ಟವನು, ತಾನು ಬಿಟ್ಟ ದಿನ ಸಂಘಕ್ಕಿದ್ದ ಸಾಲಕ್ಕೆ ಮುಂದೆ ಎರಡು ವರ್ಷ ಬಾಧ್ಯಸ್ಥ. ತೀರಿಕೊಂಡವನ ಆಸ್ತಿಗೂ ಒಂದು ವರ್ಷ ಆ ಹೊಣೆ ತಪ್ಪುತ್ತಿರಲಿಲ್ಲ.

ಸಿದ್ದನಗೌಡರನ್ನು ನಾಡು ಸಹಕಾರಿ ಪಿತಾಮಹರೆಂದು ಕರೆಯುತ್ತದೆ. 1905ರಲ್ಲಿ ಅವರ ಮುಂದೆ ನೋಡಿ ಕಲಿಯಲು ಸುತ್ತಮುತ್ತ ಇಂಥ ಒಂದು ಸಂಘವೂ ಇರಲಿಲ್ಲ.