ಕತ್ತರಿ ಕೈಗೆ ಬಂದ ಮೇಲೆ

ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೀತಿದ್ದದ್ದು 2023ರಲ್ಲಿ ಬಯಲಾಯ್ತು. ಕಾಯಿಲೆ ಹುಡುಕೋ ಯಂತ್ರ ಹೆಣ್ಣುಮಗುವನ್ನು ಹುಡುಕೋಕೆ ಬಳಕೆಯಾಗಿತ್ತು. ಆ ಸುದ್ದಿ ಬಂದಾಗೆಲ್ಲ ನನಗೆ ಡೇನಿಯಲ್ ನೇಥನ್ಸ್ ನೆನಪಾಗ್ತಾರೆ.

ನೇಥನ್ಸ್ ಹುಟ್ಟಿದ್ದು 1928ರಲ್ಲಿ, ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಪ್ಪನ ಸಣ್ಣ ವ್ಯಾಪಾರ ಮುಳುಗಿತು. ಮಗ ಓದಿ ಡಾಕ್ಟರಾದರು, ಆದರೆ ಮನಸ್ಸು ಲ್ಯಾಬ್ ಕಡೆ ಎಳೀತು.

ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡೋ ವೈರಸ್‌ನ ಡಿಎನ್‌ಎಯನ್ನು ಕಿಣ್ವಗಳಿಂದ ಕತ್ತರಿಸಿ ಹಾಕುತ್ತವೆ. ಜಾನ್ಸ್ ಹಾಪ್ಕಿನ್ಸ್‌ನ ಸಹೋದ್ಯೋಗಿ ಹ್ಯಾಮಿಲ್ಟನ್ ಸ್ಮಿತ್ ಕಂಡುಹಿಡಿದಿದ್ದ ಅಂಥ ಕಿಣ್ವದಿಂದ, ನೇಥನ್ಸ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾಥ್ಲೀನ್ ಡ್ಯಾನಾ 1971ರಲ್ಲಿ ಎಸ್‌ವಿ40 ಅನ್ನೋ ವೈರಸ್‌ನ ಡಿಎನ್‌ಎಯನ್ನು 11 ತುಂಡು ಮಾಡಿದರು. ಯಾವ ತುಂಡಲ್ಲಿ ಏನಿದೆ ಅಂತ ನೋಡೋ ದಾರಿ ತೆರೀತು. 1978ರಲ್ಲಿ ನೊಬೆಲ್ ಬಂತು. ಅದೇ ವರ್ಷ, ಇಂಥದೇ ಇನ್ನೊಂದು ಕಿಣ್ವದಿಂದ ಗರ್ಭದಲ್ಲಿರೋ ಮಗುವಿನ ಸಿಕಲ್ ಸೆಲ್ ಕಾಯಿಲೆ ಪತ್ತೆ ಮಾಡೋ ವಿಧಾನವೂ ಸಿಕ್ತು.

ಅದಕ್ಕೂ ಮೊದಲೇ, 1974ರಲ್ಲಿ, ಡಿಎನ್‌ಎ ಬೆಸೆಯೋ ಕೆಲವು ಪ್ರಯೋಗಗಳನ್ನು ಅಪಾಯ ಅಳೆಯೋವರೆಗೆ ನಿಲ್ಲಿಸಿ ಅಂತ ಕೇಳಿದ ವಿಜ್ಞಾನಿಗಳ ಪತ್ರಕ್ಕೆ ನೇಥನ್ಸ್ ಸಹಿ ಹಾಕಿದ್ದರು. ತಮ್ಮದೇ ಕ್ಷೇತ್ರಕ್ಕೆ ತಾವೇ ಹಾಕಿದ ಬ್ರೇಕ್ ಅದು. ಅವರು ತೀರಿಕೊಂಡಿದ್ದು 1999ರಲ್ಲಿ.

ನಮ್ಮಲ್ಲಿ 1994ರಿಂದಲೇ ಕಾಯ್ದೆ ಇದೆ. ಅದು ಸ್ಕ್ಯಾನಿಂಗ್‌ಗೆ ಮಾತ್ರವಲ್ಲ, ವಂಶವಾಹಿ ಪರೀಕ್ಷೆಗೂ ಅನ್ವಯಿಸುತ್ತೆ. ಆದರೆ ಯಂತ್ರ ಹಿಡಿದವರು ತಾವಾಗೇ ಕೈ ತಡೆಯದಿದ್ದರೆ, ಕಾಯ್ದೆ ಆಲೆಮನೆ ತಲುಪೋದು ತಡವಾಗೇ.