ಒಂದೇ ಕಡೆ ಹುಟ್ಟುವ ಗಿಡಗಳು ಮತ್ತು ಬಿ.ಜಿ.ಎಲ್. ಸ್ವಾಮಿ

ಜೂನ್ ಬಂತೆಂದರೆ ನಮ್ಮ ಹೆಬ್ಬಗೋಡಿಯಲ್ಲಿ ಸಸಿ ನೆಡುವ ಸೀಸನ್. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಕೊಡಿ ಅಂತಾರೆ, ಟೀಶರ್ಟ್ ಹಂಚ್ತಾರೆ, ಫೋಟೊ ತೆಗೀತಾರೆ. ಈ ಸಲ ನಾನೂ ಹೋಗಿದ್ದೆ. ಕೈಗೆ ಕೊಟ್ಟ ಸಸಿ ಯಾವುದು ಅಂತ ಕೇಳಿದರೆ ತಂದವರಿಗೂ ಗೊತ್ತಿಲ್ಲ, ನೆಡುವವರಿಗೂ ಗೊತ್ತಿಲ್ಲ. ಕವರಿನ ಮೇಲಿನ ಚೀಟಿಯಲ್ಲಿ ನೇಟಿವ್ ಅಂತ ಮಾತ್ರ ಬರೆದಿತ್ತು.

ಆಗ ನೆನಪಾದವರು ಬಿ.ಜಿ.ಎಲ್. ಸ್ವಾಮಿ. ಕನ್ನಡದ ಓದುಗರಿಗೆ ಅವರು ಡಿವಿಜಿಯವರ ಮಗ, ಕಾಲೇಜು ರಂಗ, ತಮಿಳು ತಲೆಗಳ ನಡುವೆ ಬರೆದ ತುಂಟ ಲೇಖಕ. ಹಸುರು ಹೊನ್ನು ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅನ್ನೋದೂ ಹಲವರಿಗೆ ಗೊತ್ತು. ಆದರೆ ಭೂಮಿಯ ಮೇಲೆ ಒಂದೇ ದ್ವೀಪದಲ್ಲೋ ಒಂದೇ ಬೆಟ್ಟಸಾಲಿನಲ್ಲೋ ಹುಟ್ಟುವ, ಅಂದರೆ ಎಂಡೆಮಿಕ್ ಆದ ಅಪರೂಪದ ಗಿಡಗಳ ಒಳಗನ್ನು ಜಗತ್ತಿಗೆ ತೋರಿಸಿದ ವಿಜ್ಞಾನಿಗಳಲ್ಲಿ ಅವರೂ ಒಬ್ಬರು ಎಂಬುದು ನನಗೆ ಗೊತ್ತಾಗಿದ್ದು ಎಂಜಿನಿಯರಿಂಗ್ ಮುಗಿಸಿ, ಕೆಲಸ ಬಿಟ್ಟು, ಪತ್ರಿಕೋದ್ಯಮಕ್ಕೆ ಬಂದ ಮೇಲೆ.

ಸ್ವಾಮಿ ಹುಟ್ಟಿದ್ದು 1918ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಆನರ್ಸ್ ಓದಿದರು. ಆಮೇಲೆ ದೊಡ್ಡ ಲ್ಯಾಬಿಗಾಗಿ ಕಾಯುತ್ತ ಕೂರಲಿಲ್ಲ, ಮನೆಯಲ್ಲೇ ಪ್ರಯೋಗಾಲಯ ಹೂಡಿಕೊಂಡು ಸಂಶೋಧನೆಗೆ ಕೂತರು. ಆರಿಸಿಕೊಂಡ ವಿಷಯವಾದರೂ ಎಂಥದ್ದು? ಆರ್ಕಿಡ್‌ಗಳ ಭ್ರೂಣ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು. ಅದರೊಳಗಿನ ಭ್ರೂಣ ಹಂತಹಂತವಾಗಿ ಹೇಗೆ ಬೆಳೆಯುತ್ತೆ ಅಂತ ತಿಳಿಯಲು ತೆಳುವಾದ ಸೀಳುಗಳನ್ನು ಮಾಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ಕೈಯಲ್ಲೇ ಬಿಡಿಸಬೇಕು. ವರ್ಷಗಟ್ಟಲೆ ಅದನ್ನೇ ಮಾಡಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಿ.ಎಸ್ಸಿ. ಪದವಿ ಕೊಟ್ಟಿತು.

ಅಲ್ಲಿಂದ ಅಮೆರಿಕದ ಹಾರ್ವರ್ಡ್‌ಗೆ, ಇರ್ವಿಂಗ್ ಬೈಲಿ ಎಂಬ ಮಹಾ ಗುರುವಿನ ಬಳಿಗೆ. ಬೈಲಿ ಮರದ ಅಂಗರಚನೆಯ ಪಂಡಿತರು. ಅವರ ತಲೆಯಲ್ಲಿದ್ದ ಪ್ರಶ್ನೆ, ಹೂ ಬಿಡುವ ಸಸ್ಯಗಳಲ್ಲಿ ಎಲ್ಲಕ್ಕಿಂತ ಹಳೆಯ ಲಕ್ಷಣಗಳನ್ನು ಉಳಿಸಿಕೊಂಡಿರುವುದು ಯಾವುದು ಅನ್ನೋದು.

ಇಲ್ಲಿ ಸ್ವಲ್ಪ ಪೈಪ್‌ಲೈನ್ ವಿಚಾರ ಹೇಳಬೇಕು, ನಾನು ಓದಿದ್ದು ಮೆಕ್ಯಾನಿಕಲ್. ಮಾವು, ಹೊಂಗೆ, ಹಲಸಿನಂಥ ಮರಗಳಲ್ಲಿ ಬೇರಿನ ನೀರು ಮೇಲೇರುವುದು ಉದ್ದನೆಯ ನಾಳಗಳಲ್ಲಿ. ಕೊಳವೆಯಂಥ ಕೋಶಗಳು ಒಂದರ ಮೇಲೊಂದು ಕೂತು, ನಡುವಿನ ಗೋಡೆಯಲ್ಲಿ ತೂತು ಬಿದ್ದು, ಪೈಪಿನಂತೆ ಆಗಿರುತ್ತವೆ. ಪೈನ್‌ನಂಥ ಮರಗಳಲ್ಲಿ ಈ ಪೈಪ್ ಇಲ್ಲ. ಅಲ್ಲಿ ನೀರು ಕೋಶದಿಂದ ಕೋಶಕ್ಕೆ ಗೋಡೆಯ ಸಣ್ಣ ಕುಳಿಗಳ ಮೂಲಕ ಜಿನುಗುತ್ತ ಹೋಗಬೇಕು. ಹೂ ಬಿಡುತ್ತದೆ, ಆದರೂ ಪೈಪ್ ಇಲ್ಲ ಎನ್ನುವ ಗಿಡಗಳು ಬೆರಳೆಣಿಕೆಯಷ್ಟು. ಬೈಲಿ ಹುಡುಕುತ್ತಿದ್ದ ಉತ್ತರದ ಒಂದು ಎಳೆ ಅವುಗಳಲ್ಲಿತ್ತು.

ಅಂಥದ್ದೊಂದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ಆಂಬೊರೆಲ್ಲ ಎಂಬ ಪೊದೆ. ಅಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅದರ ಕುಲದಲ್ಲಿ ಅದೊಂದೇ, ಕುಟುಂಬದಲ್ಲೂ ಅದೊಂದೇ. ಇದರ ಮರದಲ್ಲಿ ನಾಳಗಳಿಲ್ಲ, ಇದು ಬೇರೆಯೇ ಒಂದು ಬಗೆ ಎಂದು ಬೈಲಿ ಮತ್ತು ಸ್ವಾಮಿ 1948ರಲ್ಲಿ ಪ್ರಬಂಧ ಬರೆದರು. ಮರುವರ್ಷ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿಗಷ್ಟೇ ಸೀಮಿತವಾದ ಆಸ್ಟ್ರೋಬೈಲೆಯ ಬಳ್ಳಿಯ ಮೇಲೆ ಇಬ್ಬರೂ ಬರೆದರು. ಅದೇ ವರ್ಷ ಫಿಜಿ ದ್ವೀಪಗಳ ಡಿಜೆನೇರಿಯ ಮರದ ಬಗ್ಗೆ ಸ್ವಾಮಿ ಒಬ್ಬರೇ ಬರೆದರು. ಮೂರೂ ಎಂಡೆಮಿಕ್, ಮೂರೂ ಸಸ್ಯಲೋಕದ ಮುತ್ತಜ್ಜಂದಿರು. ಎಲೆಯೊಂದು ಮಡಚಿಕೊಂಡಂತೆ ಹೂವಿನ ಅಂಡಕೋಶ ರೂಪುಗೊಂಡಿತು ಎಂಬ ವಿಚಾರವನ್ನು ಗಟ್ಟಿಗೊಳಿಸಿದ ಅವರಿಬ್ಬರ 1951ರ ಪ್ರಬಂಧಕ್ಕೆ ಇಂಥ ಗಿಡಗಳೇ ಆಧಾರ.

ಈ ಕೆಲಸದಿಂದ ಯಾರಿಗೆ ಏನು ಉಪಯೋಗ ಅಂತ ಆಗ ಯಾರಾದರೂ ಕೇಳಿದ್ದರೆ ಉತ್ತರಿಸೋದು ಕಷ್ಟವಿತ್ತು. ಐವತ್ತು ವರ್ಷ ಕಳೆದು 1999ರಲ್ಲಿ ಡಿಎನ್ಎ ಅಧ್ಯಯನಗಳು ಬಂದವು. ಇವತ್ತು ಬದುಕಿರುವ ಹೂ ಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಆಂಬೊರೆಲ್ಲ ಎಂದು ಬೇರೆ ಬೇರೆ ತಂಡಗಳು ಹೇಳಿದವು. 2013ರಲ್ಲಿ ಅದರ ಜೀನೋಮ್ ಪ್ರಕಟವಾಯಿತು. ಮೂಲೆಯ ದ್ವೀಪವೊಂದರ ಪೊದೆ ಹೂವಿನ ಚರಿತ್ರೆಗೇ ಕೀಲಿಕೈ ಆಯಿತು. ಆ ಕಾಡು ಅಷ್ಟರೊಳಗೆ ಕಡಿದು ಹೋಗಿದ್ದರೆ?

1953ರಲ್ಲಿ ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು, ಮುಂದೆ ಪ್ರಾಂಶುಪಾಲರೂ ಆದರು. ಆ ವರ್ಷವೇ ದಕ್ಷಿಣ ಭಾರತದ ಕಾಡಿನ ಗಿಡವೊಂದನ್ನು ಹೊಸ ಪ್ರಭೇದವೆಂದು ವಿವರಿಸಿ ಅದಕ್ಕೆ ಗುರುವಿನ ಹೆಸರಿಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ಸಾರ್ಕಾಂಡ್ರದಲ್ಲೂ ಪೈಪ್ ಇಲ್ಲವೆಂದು ಗುರುಶಿಷ್ಯರು 1950ರಲ್ಲಿ ಬರೆದಿದ್ದರು. ಈ ಕುಲದ ಬೇರಿನಲ್ಲಿ ನಾಳಗಳಿವೆ ಅಂತ 1987ರಲ್ಲಿ ಇನ್ನೊಬ್ಬ ವಿಜ್ಞಾನಿ ತೋರಿಸಿದರು. ವಿಜ್ಞಾನ ನಡೆಯುವುದೇ ಹಾಗೆ ಬಿಡಿ. ಮೊದಲು ಯಾರೋ ಕಣ್ಣಿಟ್ಟು ನೋಡಿದ್ದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು.

ನೋಡುವವರು ತಡವಾದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಜೋಗದಲ್ಲೇ ಉದಾಹರಣೆ ಇದೆ. 1919ರಲ್ಲಿ ಜಲಪಾತದ ತುಂತುರು ಬೀಳುವ ಜಾಗದಲ್ಲಿ ಒಂದು ಹುಲ್ಲು ಸಿಕ್ಕಿತ್ತು. ಅದಕ್ಕೆ ಹಬಾರ್ಡಿಯ ಎಂಬ ಹೆಸರು ಸಿಗಲು ಮೂರು ದಶಕ ಹಿಡಿಯಿತು. ಅಷ್ಟರಲ್ಲಿ ಶರಾವತಿಯ ನೀರು ವಿದ್ಯುತ್ತಿಗೆ ತಿರುಗಿತು, ಆಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಜೋಗದಲ್ಲಿ ಆ ಹುಲ್ಲು ಮತ್ತೆ ಸಿಗಲಿಲ್ಲ, ನಿರ್ನಾಮವಾಯಿತೆಂದೇ ಎಲ್ಲರೂ ತಿಳಿದಿದ್ದರು. 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಅದನ್ನು ಕಂಡು ಗುರುತಿಸಿದರು, ಆಮೇಲೆ ಬೆಳೆಸಿ ಹೆಚ್ಚಿಸುವ ಕೆಲಸಕ್ಕೂ ಕೈಹಾಕಿದರು. ಹೆಸರು, ವಿವರಣೆ ದಾಖಲಾಗಿರದಿದ್ದರೆ ಅವರ ಕಣ್ಣಿಗೂ ಅದು ಬರೀ ಹುಲ್ಲು.

ಸ್ವಾಮಿಯವರನ್ನು ಪರಿಸರ ಹೋರಾಟಗಾರ ಅಂತ ಕರೆದರೆ ತಪ್ಪಾಗುತ್ತೆ. ಅವರು ಗಿಡ ಕಿತ್ತು, ಕೊಯ್ದು, ಸೀಳಿ ನೋಡಿದವರು. 1970ರ ದಶಕದ ಕೊನೆಯಲ್ಲಿ ಸೈಲೆಂಟ್ ವ್ಯಾಲಿಯ ಗಲಾಟೆ ಜೋರಾಗುವ ಹೊತ್ತಿಗೆ ಅವರ ಆಯುಷ್ಯ ಮುಗಿಯುತ್ತ ಬಂದಿತ್ತು. ಅರಣ್ಯ ಸಂರಕ್ಷಣಾ ಕಾಯ್ದೆ ಬಂದ 1980ರಲ್ಲೇ, ನವೆಂಬರಿನಲ್ಲಿ, 62ನೇ ವಯಸ್ಸಿಗೆ ತೀರಿಕೊಂಡರು. ಆದರೂ ಸಂರಕ್ಷಣೆಗೆ ಬೇಕಾದ ಎರಡು ಕೆಲಸ ಅವರು ಮಾಡಿ ಹೋದರು. ಒಂದು, ಗಿಡ ಏನು ಅಂತ ಖಚಿತವಾಗಿ ತಿಳಿಯುವುದು. ಇನ್ನೊಂದು, ತಿಳಿದದ್ದನ್ನು ಕನ್ನಡದಲ್ಲಿ ಹೇಳುವುದು. ವಿದ್ಯಾರ್ಥಿಗಳ ಹಿಂಡು ಕಟ್ಟಿಕೊಂಡು ಕಾಡು ಅಲೆದ ಕತೆಯನ್ನು ಹಸುರು ಹೊನ್ನಿನಲ್ಲಿ ನಗಿಸುತ್ತ ಹೇಳಿದರು, ಚಿತ್ರಗಳನ್ನೂ ತಾವೇ ಬರೆದರು. ಹಳೆಯ ಶಾಸನಗಳಲ್ಲಿರುವ ಗಿಡಮರಗಳ ಹೆಸರುಗಳನ್ನೂ ಹೆಕ್ಕಿ ತೆಗೆದರು.

ಇವತ್ತು ಗಿಡ ಉಳಿಸೋಣ ಅನ್ನುವವರು ಬೇಕಾದಷ್ಟಿದ್ದಾರೆ, ಒಳ್ಳೇದೇ. ಯಾವ ಗಿಡ ಅಂತ ಹೇಳಬಲ್ಲವರು ಎಷ್ಟಿದ್ದಾರೆ? ಕಂಪನಿಗಳ ಸಿಎಸ್ಆರ್ ದುಡ್ಡಿನಲ್ಲಿ ಸಸಿಗಳ ಲೆಕ್ಕ ಇರುತ್ತೆ. ಪ್ರಭೇದ ಗುರುತಿಸಲು ಕಲಿಯುವ ಹುಡುಗ ಹುಡುಗಿಯರಿಗೂ ಅದರಲ್ಲೊಂದು ಪಾಲು ಇರಬೇಕು. ಪಶ್ಚಿಮ ಘಟ್ಟದಲ್ಲಿ ಮಾತ್ರ ಬದುಕುವ ಗಿಡವೊಂದು ಯೋಜನೆಯ ದಾರಿಗೆ ಅಡ್ಡ ಬಂದಾಗ, ಅದು ಇಲ್ಲಿದೆ, ಬೇರೆಲ್ಲೂ ಇಲ್ಲ ಅಂತ ಕಡತದಲ್ಲಿ ಬರೆಯಲು ಅವರೇ ಬೇಕು. ಬರೆಯುವವರಿಲ್ಲದಿದ್ದರೆ ಕಾಯ್ದೆ ಯಾವುದನ್ನು ಕಾಯಬೇಕು?

ಅಂದಹಾಗೆ, ನನ್ನ ಸಸಿಯಲ್ಲಿ ಎಲೆ ಬಲಿತ ಮೇಲೆ ತಿಳಿದವರೊಬ್ಬರಿಗೆ ತೋರಿಸಿದೆ. ಅಂಗೈಯಂತೆ ಹರಡಿದ ಐದು ಕಿರುಎಲೆಗಳು. ಟಬೂಬಿಯ, ಅಮೆರಿಕ ಖಂಡದಿಂದ ಬಂದ ಮರ ಅಂದರು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ ಅಂತ ಪುಸ್ತಕ ಬರೆದ ಸ್ವಾಮಿ ಇದ್ದಿದ್ದರೆ ಅದರ ಮೇಲೆ ಸಿಟ್ಟಾಗುತ್ತಿರಲಿಲ್ಲ ಅನ್ಸುತ್ತೆ, ಆ ನೇಟಿವ್ ಚೀಟಿ ನೋಡಿ ನಗುತ್ತಿದ್ದರೇನೋ. ಮರ ಇರಲಿ, ಹೂ ಚೆನ್ನಾಗಿ ಬಿಡುತ್ತೆ. ಚೀಟಿಯನ್ನು ಮಾತ್ರ ತೆಗೆದು ಸರಿಯಾದ ಹೆಸರು ಬರೆದು ಕಟ್ಟಿದ್ದೇನೆ.