ಕಲ್ಯಾಣದ ಭಂಡಾರಿ ಬಸವಣ್ಣನವರು

ಆಳಂದ ಸೀಮೆಯ ಮಟಕಿ ಮೊದಲಾದ ಹಳ್ಳಿಗಳಲ್ಲಿರುವ ನಮ್ಮ ಸಭೆಯವರಲ್ಲಿ ಬಸವಣ್ಣನವರ ಹೆಸರನ್ನು ಕೇಳದೆ ಬೆಳೆದವರು ಯಾರೂ ಇಲ್ಲ. ಅವರು ಮೊದಲು ಉದ್ಯೋಗಕ್ಕೆ ನಿಂತ ಮಂಗಳವೇಢೆಯು ನಮಗೆ ಪಡುವಲಲ್ಲಿಯೂ, ಮಂತ್ರಿಯಾಗಿ ಬಾಳಿದ ಕಲ್ಯಾಣವು ಈಶಾನ್ಯದಲ್ಲಿಯೂ ಇವೆ. ಅವರು ಪೂಜಿಸಿದಂತೆ ನಾವು ಪೂಜಿಸುವವರಲ್ಲ. ನಮ್ಮ ರಕ್ಷಕನು ಕ್ರಿಸ್ತನೊಬ್ಬನೇ. ಆದರೂ ಅಧಿಕಾರದಲ್ಲಿದ್ದ ಮನುಷ್ಯನೊಬ್ಬನು ತನ್ನ ನಂಬಿಕೆಯನ್ನು ಅರಮನೆಯ ಬಾಗಿಲ ಹೊರಗೆ ಬಿಟ್ಟುಹೋಗದೆ ಹೇಗೆ ನಡೆದುಕೊಂಡನೆಂಬುದನ್ನು ಅವರ ಚರಿತ್ರೆಯಿಂದ ತಿಳಿಯುವುದು ನಮಗೆ ಯೋಗ್ಯವಾಗಿದೆ.

ಬಸವಣ್ಣನವರು 12ನೆಯ ಶತಮಾನದಲ್ಲಿ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಮಾದರಸ, ಮಾದಲಾಂಬೆಯರ ಮಗನಾಗಿ ಹುಟ್ಟಿದರು. ಹುಟ್ಟಿನಿಂದ ಬಂದ ಹಿರಿಮೆಯು ಅವರಿಗೆ ಹೊರೆಯಾಗಿ ತೋರಿತು. ಎಳೆಯ ಪ್ರಾಯದಲ್ಲಿಯೇ ಜನಿವಾರವನ್ನು ತೊರೆದು, ಮನೆಯನ್ನು ಬಿಟ್ಟು, ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೆ ಹೋಗಿ ವಿದ್ಯೆಯಲ್ಲಿಯೂ ಧ್ಯಾನದಲ್ಲಿಯೂ ದಿನಗಳನ್ನು ಕಳೆದರು. ತರುವಾಯ ಮಂಗಳವೇಢೆಯಲ್ಲಿ ಕಳಚುರಿ ಬಿಜ್ಜಳನ ಬಳಿ ಲೆಕ್ಕದ ಕೆಲಸಕ್ಕೆ ಸೇರಿದರು. ಬಿಜ್ಜಳನು ಚಾಲುಕ್ಯರ ರಾಜ್ಯವನ್ನು ಕೈವಶಮಾಡಿಕೊಂಡು ಕಲ್ಯಾಣದಿಂದ ಆಳತೊಡಗಿದಾಗ ಇವರು ಬೊಕ್ಕಸದ ಭಂಡಾರಿಗಳಾದರು.

ಇಂಥಾ ಪದವಿಯಲ್ಲಿ ಮನುಷ್ಯನ ನಂಬಿಕೆಯು ಮೊದಲು ಹಣದಿಂದ ಪರೀಕ್ಷಿಸಲ್ಪಡುತ್ತದೆ. ಭಂಡಾರಿಯು ಅರಸನ ಹೊನ್ನನ್ನು ತನ್ನ ಶರಣರಿಗೆ ಹಂಚುತ್ತಾನೆಂದು ಹಗೆಗಳು ದೂರಿದರಂತೆ. ಲೆಕ್ಕವನ್ನು ತೆಗೆಸಿ ನೋಡಲಾಗಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಯೋಸೇಫನು ಐಗುಪ್ತದಲ್ಲಿಯೂ ದಾನಿಯೇಲನು ಬಾಬೆಲಿನಲ್ಲಿಯೂ ಅನ್ಯರ ರಾಜ್ಯಕ್ಕೆ ನಂಬಿಗಸ್ತರಾಗಿ ನಡೆದದ್ದು ಇಲ್ಲಿ ನಮ್ಮ ನೆನಪಿಗೆ ಬರುತ್ತದೆ.

ಎರಡನೆಯ ಪರೀಕ್ಷೆಯು ಊಟದ ಪಂಕ್ತಿಯಲ್ಲಿ ಬಂದಿತು. ಊರ ಹೊರಗಿನ ಕೇರಿಯವನಾದ ನಾಗಿದೇವನೆಂಬ ಶರಣನ ಮನೆಯಲ್ಲಿ ಮಂತ್ರಿಯು ಉಂಡನೆಂಬ ಸುದ್ದಿಯು ಅರಸನ ಕಿವಿಗೆ ಮುಟ್ಟಿತು. ಮಂತ್ರಿಯು ಅದನ್ನು ಮುಚ್ಚಿಡಲಿಲ್ಲ, ಆ ಮನೆಯ ಸಹವಾಸವನ್ನು ಬಿಡಲೂ ಇಲ್ಲ. ಅಂತಿಯೋಕ್ಯದಲ್ಲಿ ಅಪೊಸ್ತಲನಾದ ಪೇತ್ರನೂ ಜನರಿಗೆ ಹೆದರಿ ಪಂಕ್ತಿಯಿಂದ ಹಿಂಜರಿದನೆಂದೂ, ಪೌಲನು ಅವನನ್ನು ಎಲ್ಲರ ಮುಂದೆ ಗದರಿಸಿದನೆಂದೂ ನಾವು ಓದಿದ್ದೇವೆ. ಪೇತ್ರನು ಎಡವಿದ ಸ್ಥಳದಲ್ಲಿ ಕಲ್ಯಾಣದ ಭಂಡಾರಿಯು ಸ್ಥಿರವಾಗಿ ನಿಂತನೆಂಬುದು ನಮ್ಮನ್ನು ತಗ್ಗಿಸತಕ್ಕ ಮಾತಾಗಿದೆ.

ಮೂರನೆಯ ಪರೀಕ್ಷೆಯೇ ಕಠಿಣವಾದದ್ದು. ಶರಣರಲ್ಲಿ ಹರಳಯ್ಯನು ಸಮಗಾರನು, ಮಧುವರಸನು ಬ್ರಾಹ್ಮಣನು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆಯಾಯಿತು. ಮೇಲ್ಜಾತಿಯವರು ಧರ್ಮವೇ ಕೆಟ್ಟಿತೆಂದು ಕೂಗಿದರು. ಬಿಜ್ಜಳನು ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿ ಕೊಲ್ಲಿಸಿದನೆಂದು ಹೇಳುತ್ತಾರೆ. ಮದುವೆಯನ್ನು ಅಲ್ಲಗಳೆದಿದ್ದರೆ ಬಸವಣ್ಣನವರ ಪದವಿಯು ಉಳಿಯುತ್ತಿತ್ತು. ಅವರು ಪದವಿಯನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿ ಅಲ್ಲಿಯೇ ದೇಹವನ್ನಿಟ್ಟರು. 1167ರಲ್ಲಿ ಬಿಜ್ಜಳನ ಆಳಿಕೆಯು ಮುಗಿಯಿತು. ಶರಣರು ಚದರಿ ಉಳವಿಯ ಅಡವಿಯ ವರೆಗೆ ಹೋದರು. ಎಲ್ಲವೂ ಸೋತಂತೆ ಕಂಡಿತು. ಆದರೆ ನೂರು ವರುಷ ತುಂಬುವ ಮೊದಲೇ, 1260ರ ಅರ್ಜುನವಾಡದ ಶಾಸನದಲ್ಲಿ ಅವರ ಹೆಸರು ಕಲ್ಲಿನಲ್ಲಿ ನಿಂತಿತು. 2024ರಲ್ಲಿ ಕರ್ನಾಟಕ ಸರಕಾರವು ಅವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿತು.

ಸಹೋದರರೇ, ಸಹೋದರಿಯರೇ, ನಮ್ಮವರೂ ಪಂಚಾಯತಿಗೆ ಆರಿಸಿಬರುವ ಕಾಲವಿದು. ಹಾಗೆ ಬಂದವರು ನೀರಿನ ನಲ್ಲಿಯನ್ನು ಯಾವ ಕೇರಿಗೆ ಮೊದಲು ಹಾಕಿಸುತ್ತಾರೆ? ಲೆಕ್ಕದ ಪುಸ್ತಕವನ್ನು ಯಾರು ಕೇಳಿದರೂ ತೋರಿಸಬಲ್ಲರೋ? ಇದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು. ನಮ್ಮ ಹಿರಿಯರಲ್ಲಿ ಅನೇಕರು ಊರ ಹೊರಗಿನ ಕೇರಿಯಿಂದಲೇ ಕ್ರಿಸ್ತನ ಬಳಿಗೆ ಬಂದವರು. ಹೀಗಿರಲು ಒಂದೇ ರೊಟ್ಟಿಯಲ್ಲಿ ಪಾಲುಹೊಂದುವ ನಾವು ಮಕ್ಕಳ ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ಮೆಲ್ಲಗೆ ವಿಚಾರಿಸುತ್ತೇವಲ್ಲವೇ? ಮನೆಯಲ್ಲಿ ಜಾತಿಯನ್ನು ಇಟ್ಟುಕೊಂಡವನು ಚಾವಡಿಯಲ್ಲಿ ನ್ಯಾಯವನ್ನು ಹೇಳಲಾರನು. ಸುವಾರ್ತೆಯ ಬೆಳಕನ್ನು ಹೊಂದಿರುವ ನಮ್ಮಿಂದ ದೇವರು ಹೆಚ್ಚಾಗಿಯೇ ಲೆಕ್ಕವನ್ನು ಕೇಳುವನು. ಆ ಲೆಕ್ಕದಲ್ಲಿ ಕೊರತೆಯಾಗದಂತೆ ಕರ್ತನು ನಮ್ಮ ಮನೆಗಳನ್ನೂ ಸಭೆಗಳನ್ನೂ ಶುದ್ಧಮಾಡಲಿ.